ಅತ್ತೆಯ ಜೊತೆ ಲಂಕೆಯಲ್ಲಿ ಒಂಬತ್ತು ದಿನ: ನಿಮ್ಮ ಪ್ರವಾಸದ ನೆನಪುಗಳೂ ಬರಲಿ

ವಿಸಿ ನಾಲೆ (ಮಂಡ್ಯ):
ಎಲ್ಲರಿಗೂ ನಮಸ್ಕಾರ. ಹೋದ ವಾರ ಇಲ್ಲಿ ಒಬ್ಬರು "ಮೊದಲ ಸಲ ಫಾರಿನ್ ಅಂದ್ರೆ ಎಲ್ಲಿಗೆ ಹೋಗೋದು" ಅಂತ ಕೇಳಿದ್ದರು. ದುಬೈ, ಥಾಯ್ಲೆಂಡ್ ಅಂತೆಲ್ಲ ಉತ್ತರ ಬಂತು. ನಾನು ಶ್ರೀಲಂಕಾ ಅಂದೆ. ಯಾಕೆ ಅಂತ ಬರೀರಿ ಅಂದಿರಿ. ಬರೆಯುತ್ತಿದ್ದೇನೆ, ಉದ್ದ ಆದರೆ ಬೈಯಬೇಡಿ.

ನಾವು ಹೋಗಿದ್ದು 2024ರ ಜನವರಿ ಕೊನೆಯಲ್ಲಿ. ನಾನು, ಹೆಂಡತಿ, ಮಗ ಮತ್ತು ಅತ್ತೆ. ಅತ್ತೆಗೆ ಆಗ 66. ಪಾಂಡವಪುರದ ಕಡೆ ಒಂದು ಹಳ್ಳಿ. ಈಗಲೂ ಗದ್ದೆಗೆ ಇಳಿಯುತ್ತಾರೆ. ಅಲ್ಲಿಯವರೆಗೆ ಅವರು ಹೋಗಿದ್ದ ದೂರದ ಊರು ತಿರುಪತಿ. ಪಾಸ್‌ಪೋರ್ಟ್ ಮಾಡಿಸೋಣ ಅಂದಾಗ "ರಾವಣನ ಊರಲ್ಲಿ ನಂಗೇನಪ್ಪ ಕೆಲ್ಸ" ಅಂದರು. ಆಮೇಲೆ ನೋಡಿದರೆ ಎಲ್ಲರಿಗಿಂತ ಮೊದಲು ಅವರ ಬ್ಯಾಗೇ ರೆಡಿ. ಒಳಗೆ ಎರಡು ಕೆಜಿ ರಾಗಿ ಹಿಟ್ಟು, ನಿಪ್ಪಟ್ಟು, ಉಪ್ಪಿನಕಾಯಿ.

ಆ ವರ್ಷ ನಮ್ಮ ಕಡೆ ಹೇಗಿತ್ತು ನಿಮಗೆಲ್ಲ ಗೊತ್ತು. 2023ರ ಮಳೆ ಕೈಕೊಟ್ಟಿತ್ತು. ಕೆಆರ್‌ಎಸ್ ತುಂಬಲೇ ಇಲ್ಲ. ಸೆಪ್ಟೆಂಬರ್‌ನಲ್ಲಿ ಕಾವೇರಿ ಗಲಾಟೆ, ಬಂದ್, ಹೈವೇಯಲ್ಲಿ ಧರಣಿ. ಅತ್ತೆಯ ಗದ್ದೆ ಬೀಳು ಬಿದ್ದಿತ್ತು. ನಿಜ ಹೇಳಬೇಕು ಅಂದರೆ ಮನೆಯಲ್ಲಿ ಸುಮ್ನೆ ಕೂತು ಒಣ ಗದ್ದೆ ನೋಡುವುದು ಬೇಡ ಅಂತಲೇ ಅವರನ್ನು ಹೊರಡಿಸಿದ್ದು.

ಬೆಂಗಳೂರಿಂದ ಕೊಲಂಬೊಗೆ ವಿಮಾನದಲ್ಲಿ ಒಂದೂವರೆ ಗಂಟೆ. ಮಂಡ್ಯದಿಂದ ಏರ್‌ಪೋರ್ಟ್‌ಗೆ ಹೋಗಲು ಅದಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು! ಒಂದು ವ್ಯಾನ್ ಗೊತ್ತು ಮಾಡಿಕೊಂಡಿದ್ದೆವು. ಡ್ರೈವರ್ ಸಿಂಹಳದವನು, ಇಂಗ್ಲಿಷ್ ಅಷ್ಟಿಷ್ಟು. ಅತ್ತೆಯನ್ನು "ಅಮ್ಮಾ" ಅಂದ, ನನ್ನ ಹೆಂಡತಿಯನ್ನು "ಅಕ್ಕಾ" ಅಂದ. ಸಿಂಹಳದಲ್ಲೂ ಅಮ್ಮ ಅಂದರೆ ಅಮ್ಮ, ಅಕ್ಕ ಅಂದರೆ ಅಕ್ಕ. ಅತ್ತೆ ಅಲ್ಲಿಗೇ ಅರ್ಧ ಕರಗಿದರು. ಆದರೆ "ಆಪ್ಪ" ಅಂದರೆ ಅಲ್ಲಿ ತಿಂಡಿ. ಬೆಳಿಗ್ಗೆ ಅವನು "ಆಪ್ಪ ತಿಂತೀರಾ" ಅಂತ ಕೇಳಿದಾಗ ಮಗ ನನ್ನ ಮುಖ ನೋಡಿ ನಕ್ಕಿದ್ದೇ ನಕ್ಕಿದ್ದು. ಬಟ್ಟಲಿನ ಆಕಾರದ ಅಕ್ಕಿ ದೋಸೆ ಅದು, ಅಂಚು ಗರಿಗರಿ.

ಮೊದಲು ಅನುರಾಧಪುರ. ನಾವು ಹೋದ ದಿನ ಹುಣ್ಣಿಮೆ, ಜನವರಿ 25. ಅಲ್ಲಿ ಪ್ರತಿ ಹುಣ್ಣಿಮೆಗೂ ಸರ್ಕಾರಿ ರಜೆ. ಪೋಯ ಅನ್ನುತ್ತಾರೆ. ಊರಿಗೆ ಊರೇ ಬಿಳಿ ಬಟ್ಟೆಯಲ್ಲಿ, ಕೈಯಲ್ಲಿ ತಾವರೆ ಹೂವು. ಕ್ರಿಸ್ತಪೂರ್ವ 288ರಲ್ಲಿ ನೆಟ್ಟದ್ದು ಅನ್ನುವ ಬೋಧಿವೃಕ್ಷದ ಸುತ್ತ ಸಾವಿರಾರು ಜನ ಕೂತಿದ್ದರು, ಗದ್ದಲವೇ ಇಲ್ಲ. ಅತ್ತೆ ಅಶ್ವತ್ಥಕಟ್ಟೆ ಅಂತ ಮೂರು ಸುತ್ತು ಹಾಕಿ ಬಂದರು. ಸಂಜೆ ಹೋಟೆಲ್‌ನಲ್ಲಿ ನಾನು ಒಂದು ಬಿಯರ್ ಕೇಳಿದೆ. ಪೋಯ ದಿನ ಎಲ್ಲೂ ಸಿಗಲ್ಲ ಸಾರ್ ಅಂದರು. ಅತ್ತೆಗೆ ಈ ದೇಶ ಇನ್ನೂ ಇಷ್ಟವಾಯಿತು.

ಮಾರನೇ ದಿನವೇ ಈ ಪೋಸ್ಟ್ ಬರೆಯಲು ಕಾರಣ. ದಂಬುಲ್ಲ ದಾರಿಯಲ್ಲಿ ಡ್ರೈವರ್ ಒಂದು ಏರಿ ಮೇಲೆ ವ್ಯಾನ್ ಹತ್ತಿಸಿ ನಿಲ್ಲಿಸಿದ. ಕಲಾ ವೆವ. ವೆವ ಅಂದರೆ ಕೆರೆ. ಒಂದೂವರೆ ಸಾವಿರ ವರ್ಷದ ಹಿಂದೆ ಧಾತುಸೇನ ಅನ್ನುವ ರಾಜ ಕಟ್ಟಿಸಿದ್ದು. ಕಣ್ಣು ಹಾಯುವಷ್ಟು ದೂರ ನೀರು. ಆ ತಿಂಗಳು ಅಲ್ಲಿ ಚೆನ್ನಾಗಿ ಮಳೆಯಾಗಿತ್ತು. ಕೆರೆ ತುಂಬಿತ್ತು, ಕೆಳಗೆ ಅಚ್ಚುಕಟ್ಟು ಪೂರ್ತಿ ಹಸಿರು ಭತ್ತ. ಅತ್ತೆ ಮಾತಾಡಲಿಲ್ಲ. ಚಪ್ಪಲಿ ಬಿಟ್ಟು ಮೆಟ್ಟಿಲಿಳಿದು ಹೋಗಿ ಮುಖ ತೊಳೆದುಕೊಂಡರು. ಸೆರಗಿನಲ್ಲಿ ಮುಖ ಒರೆಸಿಕೊಂಡು ಎಷ್ಟೋ ಹೊತ್ತು ಅಲ್ಲೇ ನಿಂತರು. ಆಮೇಲೆ ಕೇಳಿದ್ದು ಒಂದೇ ಮಾತು: "ತೂಬು ಎಲ್ಲೈತೆ?"

ಡ್ರೈವರ್‌ಗೆ ತೂಬು ಅಂದರೆ ಕೆರೆಯಿಂದ ನೀರು ಬಿಡುವ ಕಿಂಡಿ ಅಂತ ಕೈಸನ್ನೆಯಲ್ಲಿ ಹೇಳಿದೆ. "ಸೊರೊವ್ವ!" ಅಂದ. ಅವನ ಅಜ್ಜ ಊರ ಕೆರೆಯ ನೀರು ಬಿಡುವವನಂತೆ. ವೆಲ್ ವಿದಾನೆ ಅಂತ ಆ ಕೆಲಸದ ಹೆಸರು. ನಮ್ಮ ಅಜ್ಜನೂ ನೀರಗಂಟಿ. ಅಷ್ಟು ಹೊತ್ತು ಅವನು ಡ್ರೈವರ್, ನಾನು ಟೂರಿಸ್ಟ್. ಅಲ್ಲಿಂದಾಚೆಗೆ ಇಬ್ಬರು ನೀರಗಂಟಿಗಳ ಮೊಮ್ಮಕ್ಕಳು.

ಅವನು ಹೇಳಿದ ಕಥೆ ಇದು. ಧಾತುಸೇನನ ಮಗ ಕಾಶ್ಯಪ ಅಪ್ಪನನ್ನು ಸೆರೆಹಿಡಿದು, ನಿಧಿ ಎಲ್ಲಿಟ್ಟಿದ್ದೀಯ ತೋರಿಸು ಅಂದನಂತೆ. ಅಪ್ಪ ಇದೇ ಕೆರೆಗೆ ಕರೆದುಕೊಂಡು ಬಂದು, ಬೊಗಸೆಯಲ್ಲಿ ನೀರೆತ್ತಿ "ನನ್ನ ಆಸ್ತಿ ಇಷ್ಟೇ" ಅಂದನಂತೆ. ಮಗ ಸಿಟ್ಟಾಗಿ ಅವನನ್ನು ಗೋಡೆಯಲ್ಲಿಟ್ಟು ಮುಚ್ಚಿಸಿದ. ಅವರ ಹಳೇ ವಂಶಕಥೆಯಲ್ಲಿ ಇರುವ ಪ್ರಸಂಗ. ನಾನು ಅದನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದೆ. "ನಮ್ಮಲ್ಲಿ ಕೆರೆಗೆ ಸೊಸೇನ ಕೊಟ್ರು, ಇಲ್ಲಿ ಕೆರೆ ಕಟ್ಟಿದೋನ್ನೇ ಕೊಟ್ರು" ಅಂದರು.

ಉಳಿದಿದ್ದು ಆಮೇಲೆ ಬರೆಯುತ್ತೇನೆ. ಸಿಗಿರಿಯ, ಕ್ಯಾಂಡಿ, ರೈಲು ಬಾಕಿ ಇದೆ.

ಅಗ್ರಹಾರದ ಹುಡುಗ (ಮೈಸೂರು):
ಸರ್, ಚೆನ್ನಾಗಿದೆ. ಆದರೆ ಒಂದು ಮಾತು. ಅಷ್ಟು ದುಡ್ಡು ಹಾಕಿ ಹೋಗಿ ಕೆರೆ, ಭತ್ತ, ಅರಳಿಮರ ನೋಡಿಕೊಂಡು ಬರೋದಾ? ಅದು ಇಲ್ಲೇ ಇದೆ ಅಲ್ವಾ? ನಾನು ಫಾರಿನ್‌ಗೆ ಹೋದರೆ ಇಲ್ಲಿ ಇಲ್ಲದ್ದು ನೋಡಬೇಕು. ಮಂಜು, ಮರುಭೂಮಿ, ಏನಾದರೂ.

ಒಗ್ಗರಣೆ ಡಬ್ಬಿ (ಮೈಸೂರು):
ಹುಡುಗಾ, ನಿನಗೆ ಇನ್ನೂ ವಯಸ್ಸಿದೆ, ಮಂಜು ನೋಡು ಹೋಗು. ನಾವು 2019ರಲ್ಲಿ ಲಂಕೆಗೆ ಹೋಗಿದ್ದೆವು. ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಪೊಲ್ ಸಂಬೋಲ ಅಂತ ಕೊಡುತ್ತಾರೆ. ನೋಡಲು ಥೇಟ್ ನಮ್ಮ ಕೆಂಪು ಕಾಯಿಚಟ್ನಿ. ಕಾಯಿತುರಿ, ಒಣಮೆಣಸಿನಕಾಯಿ, ಈರುಳ್ಳಿ, ನಿಂಬೆರಸ. ನಾನು ಎರಡು ದಿನ ಚಪ್ಪರಿಸಿಕೊಂಡು ತಿಂದೆ. ಮೂರನೇ ದಿನ ಅಡುಗೆಯವಳು ಒರಳಲ್ಲಿ ಹಾಕಿ ಕುಟ್ಟುತ್ತಿದ್ದದ್ದು ಕಣ್ಣಿಗೆ ಬಿತ್ತು. ಉಂಬಲಕಡ! ಒಣಗಿಸಿದ ಮೀನಿನ ಚೂರು. ಎಲ್ಲರೂ ಹಾಕುವುದಿಲ್ಲ, ಬಹಳ ಕಡೆ ಹಾಕುತ್ತಾರೆ. ಬರೀ ವೆಜ್ ಅಂದರೆ ಸಾಲದು, ಉಂಬಲಕಡ ಬೇಡ ಅಂತಲೇ ಹೇಳಬೇಕು. ಪಲ್ಯಗಳಿಗೂ ಹಾಕುತ್ತಾರೆ. ಊರಿಗೆ ಬಂದು ನಂಜನಗೂಡಿಗೆ ಹೋಗಿ ಹೊಳೆಯಲ್ಲಿ ಮುಳುಗಿ ಬಂದೆ, ಇನ್ನೇನು ಮಾಡಲಿ.

ವಿಸಿ ನಾಲೆ:
ಅಕ್ಕ, ನಮ್ಮ ಮನೆಯಲ್ಲೂ ಇದೇ ಕಥೆ. ನಾವು ಮಾಂಸ ತಿನ್ನುವವರೇ. ಆದರೆ ಅತ್ತೆಗೆ ಸೋಮವಾರ ಒಪ್ಪತ್ತು, ಮೀನು ಮಾಂಸ ಮುಟ್ಟುವುದಿಲ್ಲ. ಸೋಮವಾರವೇ ಸಂಬೋಲ ಎರಡು ಸಲ ಬಡಿಸಿಕೊಂಡರು. ನಾವು ಇವತ್ತಿಗೂ ಹೇಳಿಲ್ಲ. ಈ ವೇದಿಕೆಗೆ ಅವರು ಬರುವುದಿಲ್ಲ ಅನ್ನುವ ಧೈರ್ಯದಲ್ಲಿ ಬರೆಯುತ್ತಿದ್ದೇನೆ.

ಅಗ್ರಹಾರದ ಹುಡುಗನಿಗೆ: ನೀವು ಕೇಳಿದ್ದು ಸರಿ ಇದೆ. ಇಲ್ಲಿ ಇಲ್ಲದ್ದು ನಾನೂ ನೋಡಿದೆ. ತುಂಬಿದ ಕೆರೆ. ಆ ವರ್ಷ ಅದೇ ನಮಗೆ ಫಾರಿನ್.

ಹುಲಿಕೆರೆ ಸುರಂಗ (ಮಂಡ್ಯ):
ನಾನು ನೀರಾವರಿಯಲ್ಲಿದ್ದು ರಿಟೈರ್ ಆದವನು. ಕಲಾ ವೆವ ಹೆಸರು ಬಂದಿದ್ದಕ್ಕೆ ಸುಮ್ಮನಿರಲು ಆಗಲಿಲ್ಲ. ಆ ಕೆರೆಯಿಂದ ಅನುರಾಧಪುರದ ತಿಸ್ಸ ವೆವಗೆ ಒಂದು ನಾಲೆ ಹೋಗುತ್ತದೆ, ಯೋಧ ಎಲ ಅಂತ. ಸುಮಾರು 87 ಕಿಲೋಮೀಟರ್. ಅದರ ಮೊದಲ 17 ಮೈಲಿಯಲ್ಲಿ ಇಳಿಜಾರು ಮೈಲಿಗೆ ಅರ್ಧ ಅಡಿ, ಅಂದರೆ ಆರು ಅಂಗುಲ! ನೆಲದ ಏರುತಗ್ಗು ಅಳೆಯುವ ಡಂಪಿ ಲೆವೆಲ್ ಇಟ್ಟುಕೊಂಡು ನಾವು ತಿಣುಕಾಡುತ್ತಿದ್ದೆವು. ಅವರು 5ನೇ ಶತಮಾನದಲ್ಲಿ ಯಾವ ಯಂತ್ರವೂ ಇಲ್ಲದೆ ತೆಗೆದಿದ್ದಾರೆ. ಇಳಿಜಾರು ಜಾಸ್ತಿಯಾದರೆ ನೀರು ದಡ ಕೊರೆಯುತ್ತದೆ, ಕಡಿಮೆಯಾದರೆ ಹೂಳು ಕೂರುತ್ತದೆ. ಹೊರಗಿನವರಿಗೆ ಇದರ ಕಷ್ಟ ಗೊತ್ತಾಗುವುದಿಲ್ಲ.

ಇನ್ನೊಂದು. ನಿಮ್ಮ ಅತ್ತೆ ತೂಬು ಕೇಳಿದ್ದು ಸರಿಯಾದ ಪ್ರಶ್ನೆ. ದೊಡ್ಡ ಕೆರೆಯಲ್ಲಿ ನೀರಿನ ಒತ್ತಡ ತಡೆದು ಬಿಡುವುದೇ ಕಷ್ಟದ ಕೆಲಸ. ಅವರು ಏರಿಯೊಳಗೆ ಕಲ್ಲಿನ ಚೌಕ ಬಾವಿ ಕಟ್ಟುತ್ತಿದ್ದರು. ಬಿಸೋಕೊಟುವ ಅಂತ ಹೆಸರು. ನೀರು ಮೊದಲು ಅದರೊಳಗೆ ಬಂದು ಜೋರು ಕಳೆದುಕೊಂಡು ಆಮೇಲೆ ಕಾಲುವೆಗೆ ಹೋಗುತ್ತದೆ. ಇಂಥ ತೂಬು ಇದ್ದದ್ದಕ್ಕೇ ಅಷ್ಟು ದೊಡ್ಡ ಕೆರೆಗಳು ನಿಂತವು. ನಮ್ಮ ಹುಡುಗರಿಗೆ ಸಿಗಿರಿಯದ ಫೋಟೋ ಬೇಕು, ಇದು ಬೇಡ.

ವಿಸಿ ನಾಲೆ:
ಸರ್, ನೀವು ಜೊತೆಗೆ ಬಂದಿದ್ದರೆ ನಾವು ಇನ್ನೂ ಅಲ್ಲೇ ಇರುತ್ತಿದ್ದೆವೇನೋ. ನಾಲೆಯ ಇಳಿಜಾರಿನ ಮಾತು ಡ್ರೈವರ್ ಹೇಳಿದ್ದ, ಅತ್ತೆಗೂ ಹೇಳಿದ್ದೆ. ಬಿಸೋಕೊಟುವ ನಮಗೆ ಗೊತ್ತಿರಲಿಲ್ಲ, ನೋಡಿದರೂ ಬಾವಿ ಅಂದುಕೊಂಡಿರುತ್ತೇವೆ.

ಈಗ ಸಿಗಿರಿಯ. ಅಪ್ಪನನ್ನು ಕೊಂದ ಆ ಕಾಶ್ಯಪನೇ ಬಂಡೆ ಮೇಲೆ ಅರಮನೆ ಕಟ್ಟಿಸಿಕೊಂಡ. ಸುಮಾರು 1,200 ಮೆಟ್ಟಿಲು. ನಾವು ಅತ್ತೆಗೆ ಕೆಳಗೇ ಕೂರಿ ಅಂದೆವು. "ಚಾಮುಂಡಿ ಬೆಟ್ಟಕ್ಕೆ ವರ್ಷ ವರ್ಷ ಹತ್ತುತೀನಿ, ಇದೇನ್ ಮಹಾ" ಅಂತ ಸೆರಗು ಸಿಕ್ಕಿಸಿದರು. ಅರ್ಧ ದಾರಿಯಲ್ಲಿ ಬೋರ್ಡ್: ಕಣಜದ ಹುಳುಗಳಿವೆ, ಸದ್ದು ಮಾಡಬೇಡಿ. ಅತ್ತೆಗೆ ಹತ್ತುವುದು ಕಷ್ಟವಾಗಲಿಲ್ಲ, ಮಾತಾಡದೆ ಹತ್ತುವುದು ಕಷ್ಟವಾಯಿತು. ಮೇಲೆ ಹೋಗಿ ನೋಡಿದರೆ ಅಲ್ಲೂ ಬಂಡೆ ಕಡಿದು ಮಾಡಿದ ದೊಡ್ಡ ಕೊಳ. "ಅಪ್ಪನ್ ಕೆರೆ ಬ್ಯಾಡ ಅಂದೋನು ಇಲ್ಲಿ ನೀರಿಗೆ ಏನ್ ಮಾಡ್ಕೊಂಡ ನೋಡು" ಅಂದರು. ಟಿಕೆಟ್ ವಿಷಯ: ಸಾರ್ಕ್ ದೇಶದವರಿಗೆ ದರ ಕಡಿಮೆ. ಪಾಸ್‌ಪೋರ್ಟ್ ಕೈಯಲ್ಲೇ ಇರಲಿ, ನಾವು ರೂಮಿನಲ್ಲಿ ಬಿಟ್ಟು ವಾಪಸ್ ಓಡಿದ್ದೆವು.

ದೇವರಾಜ ಮಾರ್ಕೆಟ್ (ಮೈಸೂರು):
ಕ್ಯಾಂಡಿಯ ಪೆರಹೆರ ಮೆರವಣಿಗೆ ನೋಡಿದವರು ಯಾರಾದರೂ ಇದ್ದೀರಾ? ನಮ್ಮ ದಸರಾಕ್ಕಿಂತ ಚೆನ್ನಾಗಿದೆ ಅಂತ ಯಾರೋ ಅಂದರು. ನನಗೆ ಪಿತ್ತ ನೆತ್ತಿಗೇರಿತು. 750 ಕೆಜಿ ಚಿನ್ನದ ಅಂಬಾರಿ ಅವರ ಹತ್ತಿರ ಇದೆಯಾ?

ಒಗ್ಗರಣೆ ಡಬ್ಬಿ:
ನಾನು ನೋಡಿದ್ದೇನೆ, ಆಗಸ್ಟ್‌ನಲ್ಲಿ. ಅಂಬಾರಿ ಇಲ್ಲ. ಬುದ್ಧನ ಹಲ್ಲು ಇಡುವ ಕರಂಡಕದ ಪ್ರತಿರೂಪವನ್ನು ಆನೆ ಹೊರುತ್ತದೆ. ಆದರೆ ನಮ್ಮದು ಹಗಲು, ಅವರದು ರಾತ್ರಿ. ಅದೂ ಒಂದು ದಿನ ಅಲ್ಲ, ಹತ್ತು ರಾತ್ರಿ. ಮುಂದೆ ಚಾಟಿ ಹೊಡೆಯುವವರು. ಆಮೇಲೆ ಕೊಬ್ಬರಿ ಉರಿಸುವ ಪಂಜುಗಳು. ಆ ಕೊಬ್ಬರಿ ಹೊಗೆಯ ವಾಸನೆ ನನ್ನ ರೇಷ್ಮೆ ಸೀರೆಯಲ್ಲಿ ಎರಡು ತಿಂಗಳು ಇತ್ತು. ಕರಂಡಕ ಹೊತ್ತ ಆನೆ ನೆಲದ ಮೇಲೆ ಕಾಲಿಡುವುದಿಲ್ಲ. ಅದರ ಮುಂದೆ ಬಿಳಿ ಬಟ್ಟೆ ಹಾಸುತ್ತಾ ಹೋಗುತ್ತಾರೆ, ಪಾವಡ ಅನ್ನುತ್ತಾರೆ. ನಮ್ಮ ಹಳ್ಳಿ ಹಬ್ಬದಲ್ಲಿ ದೇವರ ಮುಂದೆ ಮಡಿವಾಳರು ನಡೆಮುಡಿ ಹಾಸುವುದಿಲ್ಲವಾ, ಅದೇ. ಯಾವುದು ದೊಡ್ಡದು ಅಂತ ಕೇಳಬೇಡಿ. ಎರಡರಲ್ಲೂ ಕಾಲು ನೋವು ಒಂದೇ.

ವಿಸಿ ನಾಲೆ:
ನಾವು ಹೋದಾಗ ಪೆರಹೆರ ಇರಲಿಲ್ಲ. ಆದರೆ ಹಲ್ಲಿನ ದೇವಾಲಯದ ಆವರಣದಲ್ಲಿ ರಾಜಾ ಅನ್ನುವ ಆನೆಯನ್ನು ನೋಡಿದೆವು. ಹಲವು ವರ್ಷ ಕರಂಡಕ ಹೊತ್ತು 1988ರಲ್ಲಿ ಸತ್ತ ಆನೆ. ದೇಹಕ್ಕೆ ಹೊಟ್ಟು ತುಂಬಿ ಗಾಜಿನ ಹಿಂದೆ ನಿಲ್ಲಿಸಿದ್ದಾರೆ. ಎರಡು ತಿಂಗಳ ಹಿಂದಷ್ಟೇ, 2023ರ ಡಿಸೆಂಬರ್‌ನಲ್ಲಿ, ದಸರಾ ಅಂಬಾರಿ ಹೊತ್ತಿದ್ದ ನಮ್ಮ ಅರ್ಜುನ ಸಕಲೇಶಪುರದ ಕಾಡಿನಲ್ಲಿ ಕಾಡಾನೆ ಹಿಡಿಯುವಾಗ ತೀರಿಕೊಂಡಿದ್ದ. ಮಗ ಚಿಕ್ಕಂದಿನಿಂದ ಅರ್ಜುನನನ್ನು ನೋಡಲು ಅರಮನೆಗೆ ಹೋಗುತ್ತಿದ್ದವನು. ಗಾಜಿನ ಮುಂದೆ ತುಂಬ ಹೊತ್ತು ನಿಂತ. "ಇವರು ಇಟ್ಕೊಂಡಿದ್ದಾರೆ, ಅಲ್ವಾ ಅಪ್ಪ" ಅಂದ. ನನಗೆ ಏನು ಹೇಳಬೇಕು ಗೊತ್ತಾಗಲಿಲ್ಲ. ಹೊಟ್ಟು ತುಂಬಿಸಿ ಇಡುವುದು ಒಳ್ಳೆಯದು ಅಂತಲೂ ನನಗೆ ಅನ್ನಿಸುವುದಿಲ್ಲ.

ಗಂಜಾಂ ಅಂಜೂರ (ಶ್ರೀರಂಗಪಟ್ಟಣ):
ಕ್ಯಾಂಡಿ ಹೆಸರು ಬಂತಲ್ಲ, ಒಂದು ವಿಷಯ. ಅಲ್ಲಿನ ಕೊನೆಯ ರಾಜ ವಿಕ್ರಮ ರಾಜಸಿಂಹನನ್ನು ಬ್ರಿಟಿಷರು 1815ರಲ್ಲಿ ಇಳಿಸಿ ಕಳಿಸಿದ್ದು ವೇಲೂರು ಕೋಟೆಗೆ. ಅದಕ್ಕೆ ಮುಂಚೆ ನಮ್ಮ ಟಿಪ್ಪುವಿನ ಮಕ್ಕಳನ್ನು ಇಟ್ಟಿದ್ದೂ ಅಲ್ಲೇ. 1806ರ ದಂಗೆ ಆದಮೇಲೆ ಅವರನ್ನು ಕಲ್ಕತ್ತಾಗೆ ಸಾಗಿಸಿದರು, ಆಮೇಲೆ ಇವನು ಬಂದ.

ಇನ್ನೊಂದು ನಂಟು ನಮ್ಮ ಊರಲ್ಲೇ ಇದೆ. ಹೊಳೆ ದಂಡೆಯ ಗ್ಯಾರಿಸನ್ ಸಮಾಧಿಗಳನ್ನು ನೋಡಿದ್ದೀರಾ? ಅಲ್ಲಿ ಮಲಗಿರುವವರಲ್ಲಿ ಹಲವರು ಡಿ ಮ್ಯೂರನ್ ರೆಜಿಮೆಂಟಿನವರು. ಆ ದಂಡು ಸ್ವಿಟ್ಜರ್ಲೆಂಡಿನವರದ್ದು, ಡಚ್ಚರ ಸಂಬಳಕ್ಕೆ ಸಿಲೋನ್ ಕಾಯುತ್ತಿತ್ತು. 1795ರಲ್ಲಿ ಬ್ರಿಟಿಷರು ಅದನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ಗುಟ್ಟಿನ ಪತ್ರವನ್ನು ಚೀಸ್ ಗಡ್ಡೆಯೊಳಗೆ ಬಚ್ಚಿಟ್ಟು ಕೊಲಂಬೊಗೆ ಕಳಿಸಿದರು ಅಂತ ಕಥೆ. ನಾಲ್ಕು ವರ್ಷ ಆದಮೇಲೆ, 1799ರಲ್ಲಿ, ಅದೇ ದಂಡು ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿತ್ತು. ಲಂಕೆಯ ಕಡಲಿಂದ ಹೊರಟವರು ನಮ್ಮ ಕಾವೇರಿ ದಂಡೆಯ ಮಣ್ಣು ಸೇರಿದರು. ದಿನಾ ಅದರ ಪಕ್ಕದಲ್ಲೇ ಸ್ಕೂಟರ್ ಓಡಿಸುತ್ತೇನೆ, ಜನ ಒಳಗೆ ಹೋಗುವುದು ಬಹಳ ಕಡಿಮೆ.

ಮದ್ದೂರು ವಡೆ (ಮದ್ದೂರು):
ಇತಿಹಾಸ ಸಾಕು. ರೈಲಿನ ಕಥೆ ಹೇಳಿ ಅಣ್ಣ. ಆ ನೀಲಿ ರೈಲು, ಬಾಗಿಲಲ್ಲಿ ನೇತಾಡೋ ಫೋಟೋ. ಎಲ್ಲರೂ ಹಾಕುತ್ತಾರಲ್ಲ.

ವಿಸಿ ನಾಲೆ:
ಬಾಗಿಲಲ್ಲಿ ನೇತಾಡಬೇಡಿ, ಮೊದಲೇ ಹೇಳಿಬಿಡುತ್ತೇನೆ. ಸುರಂಗಗಳಿವೆ, ಕಂಬಗಳಿವೆ.

ನಮ್ಮ ರೈಲಿನ ಕಥೆ ಶುರುವಾಗಿದ್ದೇ ಎಡವಟ್ಟಿನಿಂದ. ಒಬ್ಬ ಏಜೆಂಟ್ ಮೂಲಕ ಕ್ಯಾಂಡಿಯಿಂದ ಆ ಲೈನಿನ ಕೊನೆಯ ಸ್ಟೇಷನ್ ಬದುಲ್ಲಕ್ಕೆ ರಿಸರ್ವ್ ಸೀಟು ಮಾಡಿಸಿದ್ದೆ. ಸ್ಟೇಷನ್‌ಗೆ ಹೋಗಿ ನೋಡಿದರೆ ಟಿಕೆಟ್ಟಿನಲ್ಲಿ ನಿನ್ನೆಯ ತಾರೀಖು! ಹಣಕ್ಕೆ ಹಣ ಹೋಯಿತು, ಹೆಂಡತಿಯಿಂದ ಬೈಗುಳ ಬೇರೆ. ತಪ್ಪು ನನ್ನದೂ ಇದೆ, ಟಿಕೆಟ್ ಬಂದಾಗ ಬಿಡಿಸಿ ನೋಡಿರಲಿಲ್ಲ. ಕೊನೆಗೆ ಮೂರನೇ ದರ್ಜೆ ಟಿಕೆಟ್ ತೆಗೆದುಕೊಂಡು ನುಗ್ಗಿದೆವು. ನಿಂತುಕೊಳ್ಳಲೂ ಜಾಗ ಇಲ್ಲ.

ಕಿಟಕಿ ಪಕ್ಕ ಕೂತಿದ್ದ ಒಬ್ಬ ಹೆಂಗಸು ಅತ್ತೆಯನ್ನು ನೋಡಿ, ಸ್ವಲ್ಪ ಸರಿದು, ಸೀಟು ತಟ್ಟಿ ಕರೆದಳು. ಟೀ ತೋಟದ ಕೆಲಸದವಳು, ನಾನು ಓಯಕ್ಕೆ ಹೋಗುತ್ತಿದ್ದಳು. ನಾನು ಓಯ ಅನ್ನುವುದು ಊರ ಹೆಸರು, ನಗಬೇಡಿ. ಅವಳದು ತಮಿಳು, ಅತ್ತೆಯದು ಕನ್ನಡ. ಇಬ್ಬರೂ ಬಿಡದೆ ಮಾತಾಡಿದರು. ಅವಳು "ಎಂದ ಊರು? ತಮಿಳುನಾಡಾ?" ಅಂದಳು. ಅತ್ತೆ "ಅಲ್ಲ ಕಣವ್ವ, ಕಾವೇರಿ ಮೇಲ್ಗಡೆ" ಅಂದರು. ಅವಳ ಮುಖ ಅರಳಿತು. ಅವಳ ಮುತ್ತಾತ ತಿರುಚ್ಚಿ ಕಡೆಯಿಂದ ಬಂದವನಂತೆ. ಊರು ನೋಡಿಲ್ಲ, ಹೊಳೆ ನೋಡಿಲ್ಲ, ಕಾವೇರಿ ಅನ್ನುವ ಹೆಸರು ಮಾತ್ರ ಮನೆಯಲ್ಲಿ ಕೇಳಿದ್ದಾಳೆ. ನಾಲ್ಕು ತಿಂಗಳ ಹಿಂದೆ ಅದೇ ಹೊಳೆಗಾಗಿ ನಾವು ಹೈವೇಯಲ್ಲಿ ಕೂತಿದ್ದೆವು. ನಾನು ಕಿಟಕಿಯಾಚೆ ನೋಡಿದೆ.

ಆ ಗುಡ್ಡಗಳಲ್ಲಿ ಮೊದಲು ಇದ್ದದ್ದು ಕಾಫಿಯಂತೆ. 1869ರಲ್ಲಿ ಎಲೆಗೆ ತುಕ್ಕುರೋಗ ಬಿದ್ದು ತೋಟಗಳೆಲ್ಲ ಹಾಳಾದವು, ಆಮೇಲೆ ಟೀ ಹಬ್ಬಿತು. ಕೂಲಿಗೆ ತಮಿಳು ಸೀಮೆಯಿಂದ ಜನರನ್ನು ತಂದರು. ಸ್ವಾತಂತ್ರ್ಯ ಬಂದ 1948ರಲ್ಲೇ ಅವರ ಪೌರತ್ವ ಹೋಯಿತು. ಎಲ್ಲರಿಗೂ ಅದು ವಾಪಸ್ ಸಿಗಲು 2003 ಆಗಬೇಕಾಯಿತು. ಅವಳ ಕೂಲಿ ಕೇಳಿದೆ. ದಿನಕ್ಕೆ ಅಲ್ಲಿನ ಸಾವಿರ ರೂಪಾಯಿ. ನಮ್ಮ ದುಡ್ಡಿನಲ್ಲಿ ಆಗ 260ರ ಆಸುಪಾಸು. ಅತ್ತೆ ಅವಳ ಬೆರಳು ಹಿಡಿದು ನೋಡಿದರು. ಚಿಗುರು ಕಿತ್ತು ಕಿತ್ತು ಕಪ್ಪಾಗಿದ್ದವು. ತಮ್ಮ ಕೈ ಪಕ್ಕದಲ್ಲಿಟ್ಟು ತೋರಿಸಿದರು, ನಾಟಿ ಹಾಕಿದ ಕೈ.

ಮದ್ದೂರು ತಮ್ಮನಿಗೆ ಅಂತ ಒಂದು ವಿಷಯ: ರೈಲಿನಲ್ಲಿ ಬುಟ್ಟಿ ಹೊತ್ತು ವಡೆ ಮಾರುತ್ತಾರೆ, ಥೇಟ್ ನಿಮ್ಮೂರ ಸ್ಟೇಷನ್ ಥರ. ವಡೆ ಮೇಲೆ ಸಿಗಡಿ ಕೂರಿಸಿರುತ್ತಾರೆ, ಅದು ಬೇರೆ ವಿಷಯ. ಸುತ್ತಿ ಕೊಟ್ಟಿದ್ದು ಯಾವುದೋ ಮಗುವಿನ ಗಣಿತದ ನೋಟ್‌ಬುಕ್ ಹಾಳೆಯಲ್ಲಿ. ಏಳನೇ ಲೆಕ್ಕ ತಪ್ಪಾಗಿತ್ತು, ಮಗ ಪೆನ್ ತೆಗೆದು ತಿದ್ದಿದ. ಅತ್ತೆ ನಿಪ್ಪಟ್ಟು ಕೊಟ್ಟರು, ಅವಳು ಟೀ ಪುಡಿಯ ಪೊಟ್ಟಣ ಕೊಟ್ಟಳು. ಅವಳು ಇಳಿದು ಹೋದಮೇಲೆ ಪಟ್ಟಿಪೊಲ ಬಂತು. ಸುಮಾರು 1,900 ಮೀಟರ್ ಎತ್ತರ, ಊಟಿಗಿಂತ ಸ್ವಲ್ಪ ತಗ್ಗು. ಮಂಜು ಒಳಗೇ ನುಗ್ಗಿತು. ಒಂಬತ್ತು ಕಮಾನಿನ ಸೇತುವೆ ಬಂದಾಗ ಎಲ್ಲರೂ ಫೋನ್ ಎತ್ತಿದರು. ಅತ್ತೆ ನಿದ್ದೆ ಮಾಡಿದ್ದರು.

ದೇವರಾಜ ಮಾರ್ಕೆಟ್:
ಬೆಲ್ಲದ ವಿಷಯ ಬರಲೇ ಇಲ್ಲ. ಮಂಡ್ಯದವರು ಹೋಗಿ ಅಲ್ಲಿನ ಬೆಲ್ಲಕ್ಕೆ ತಪ್ಪು ಹುಡುಕದೆ ಬಂದರಾ?

ವಿಸಿ ನಾಲೆ:
ಬಿಡುತ್ತಾರಾ! ಅಲ್ಲಿನ ಬೆಲ್ಲ ಕಿತುಲ್ ಮರದ್ದು. ನಮ್ಮ ಮಲೆನಾಡಿನ ಬೈನೆ ಮರ. ಹೂಗೊನೆಯಿಂದ ರಸ ಇಳಿಸಿ ಕಾಯಿಸುತ್ತಾರೆ. ಅತ್ತೆ ಚೂರು ಬಾಯಿಗೆ ಹಾಕಿಕೊಂಡು "ಹೊಗೆ ವಾಸ್ನೆ. ಆಲೆಮನೇಲಿ ಹುಡುಗ್ರು ಪಾಕ ಕೆಡಿಸಿದ್ರೆ ಹಿಂಗಾಯ್ತದೆ" ಅಂದರು. ಆದರೆ ದಕ್ಷಿಣದಲ್ಲಿ ರಸ್ತೆ ಬದಿ ಮಣ್ಣಿನ ಕುಡಿಕೆಯಲ್ಲಿ ಎಮ್ಮೆ ಮೊಸರು ಮಾರುತ್ತಾರೆ, ಮೇಲೆ ಅದೇ ಕಿತುಲ್ ಪಾಕ ಸುರಿದು. ಅದನ್ನು ಎರಡು ಕುಡಿಕೆ ಮುಗಿಸಿ, ಕುಡಿಕೆ ತೊಳೆದು ಬ್ಯಾಗಿಗೆ ಹಾಕಿಕೊಂಡರು.

ಗಾಲೆ ಕೋಟೆ ನೋಡಿದೆವು. ದಾರಿಯಲ್ಲಿ ಪೆರಲಿಯ ಅನ್ನುವ ಕಡೆ ನಿಲ್ಲಿಸಿದ. 2004ರ ಡಿಸೆಂಬರ್ 26ರಂದು ಸುನಾಮಿ ಅಲೆ ಅಲ್ಲಿ ರೈಲನ್ನೇ ಹೊತ್ತೊಯ್ದು ಸಾವಿರಕ್ಕೂ ಹೆಚ್ಚು ಜನ ಹೋದರು. ಅದರ ಬಗ್ಗೆ ಜಾಸ್ತಿ ಬರೆಯಲು ಕೈ ಬರುತ್ತಿಲ್ಲ. ಡ್ರೈವರ್ ಕೈಮುಗಿದ, ನಾವೂ ಮುಗಿದೆವು.

ಅಗ್ರಹಾರದ ಹುಡುಗ:
ಸರ್, ಈಗ ಅಲ್ಲಿ ಪರಿಸ್ಥಿತಿ ಸರಿ ಇದೆಯಾ? 2022ರಲ್ಲಿ ಪೆಟ್ರೋಲೇ ಇಲ್ಲ ಅಂತ ಟಿವಿಯಲ್ಲಿ ನೋಡಿದ್ದೆ.

ವಿಸಿ ನಾಲೆ:
ನಾವು ಹೋದಾಗ ಪೆಟ್ರೋಲ್ ಸಿಗುತ್ತಿತ್ತು, ಬೆಲೆ ಮಾತ್ರ ಬಿಸಿ. ಡ್ರೈವರ್ 2022ರಲ್ಲಿ ಮೂರು ದಿನ ವ್ಯಾನಿನಲ್ಲೇ ಮಲಗಿ ಕ್ಯೂ ಕಾದನಂತೆ. ವಾರಕ್ಕೆ ಇಷ್ಟೇ ಅಂತ ಕೊಡುತ್ತಿದ್ದ ಪೆಟ್ರೋಲಿನ ಕ್ಯೂಆರ್ ಕೋಡ್ ಇನ್ನೂ ಅವನ ಫೋನಿನಲ್ಲಿತ್ತು. ಅಳಿಸಲು ಮನಸ್ಸಿಲ್ಲ ಅಂದ. ನೀವು ಹೋಗುತ್ತೀರಾ ಹಾಗಾದರೆ? ಮಂಜು ಬೇಡವಾ?

ಅಗ್ರಹಾರದ ಹುಡುಗ:
ಪಟ್ಟಿಪೊಲದಲ್ಲಿ ಮಂಜು ಇದೆ ಅಂದಿರಲ್ಲ ಸರ್.

ಒಗ್ಗರಣೆ ಡಬ್ಬಿ:
ನಿಮ್ಮ ಅತ್ತೆ ಈಗ ಹೇಗಿದ್ದಾರೆ? ಮತ್ತೆ ಎಲ್ಲಿಗಾದರೂ ಹೊರಡುತ್ತಾರಂತಾ?

ವಿಸಿ ನಾಲೆ:
ಚೆನ್ನಾಗಿದ್ದಾರೆ ಅಕ್ಕ. ಆ ಕುಡಿಕೆಯಲ್ಲಿ ಈಗ ಹೆಪ್ಪು ಹಾಕುತ್ತಾರೆ. 2024ರ ಜುಲೈನಲ್ಲಿ ಕೆಆರ್‌ಎಸ್ ತುಂಬಿತಲ್ಲ, 124.80 ಅಡಿ, ಅವತ್ತು ಅವರನ್ನು ಕರೆದುಕೊಂಡು ಹೋಗಿದ್ದೆ. ಗೇಟಿನಿಂದ ನೀರು ಧುಮುಕುತ್ತಿತ್ತು. ನೋಡುತ್ತಾ ನಿಂತವರು "ಆ ರಾಜನ ಕೆರೇಲಿ ಈಗ ನೀರೈತಾ?" ಅಂತ ಕೇಳಿದರು. ಅಲ್ಲಿ ಮಳೆ ಬರುವುದು ಅಕ್ಟೋಬರ್ ಮೇಲೆ, ಜುಲೈನಲ್ಲಿ ಆ ಸೀಮೆ ಒಣಗಿರುತ್ತದೆ ಅಂದೆ. ಸ್ವಲ್ಪ ಹೊತ್ತು ಯೋಚನೆ ಮಾಡಿದರು.

"ಇಲ್ಲಿಂದ ಒಂದು ನಾಲೆ ತೆಗೆದ್ರೆ ಹೋಗ್ತದೇನೋ. ಮೈಲಿಗೆ ಅರ್ಧ ಅಡಿ ಇಳಿಜಾರು ಸಾಕು ಅಂದ್ಯಲ್ಲ. ಮಧ್ಯ ತಮಿಳ್ನಾಡು ದಾಟ್ಬೇಕು, ಅಷ್ಟೇ. ಅವ್ರು ಬಿಡಲ್ಲ ಕಣಪ್ಪ."